ಬಣ್ಣ ಎಲ್ಲಿ ಕಳೆದುಹೋಯಿತು? ಹುಡುಕೋಣ ಬನ್ನಿ!

ಕಣ್ಣಿಗೆ ಔಷಧ ಹಾಕುವ ಡ್ರಾಪರ್ ಮನೆಯಲ್ಲಿದೆಯೇ? ತನ್ನಿ. ಅಂಗೈ ಮೇಲೆ ಒಂದೇ ಒಂದು ತೊಟ್ಟು ನೀರು ಬಿಡಿ.

ಈಗ ಹೇಳಿ. ಮನೆಯ ಫೋಟೊ ಪ್ರಿಂಟರ್ ಕಾಗದದ ಮೇಲೆ ಶಾಯಿಯ ಹನಿ ಸಿಡಿಸುತ್ತದಲ್ಲ, ಅಂಥ ಎಷ್ಟು ಹನಿ ಕೂಡಿದರೆ ಈ ಒಂದು ತೊಟ್ಟು ಆದೀತು?

ನೂರು? ಸಾಲದು. ಹತ್ತು ಸಾವಿರ? ಎಲ್ಲಿಯ ಮಾತು! ಲಕ್ಷ? ಇನ್ನೂ ಮೇಲೇರಿ. ಹತ್ತು ಲಕ್ಷ? ಏರಿ, ಏರಿ!

ಎರಡೂವರೆ ಕೋಟಿ!

ನಂಬಿಕೆ ಬರಲಿಲ್ಲವೇ? ಲೆಕ್ಕ ನೀವೇ ಹಾಕಿ. ಇಂಥ 20 ತೊಟ್ಟು ಸೇರಿದರೆ ಒಂದು ಮಿಲಿಲೀಟರ್. ಪ್ರಿಂಟರಿನ ಹನಿಯನ್ನು ಅಳೆಯುವುದು ಪಿಕೊಲೀಟರಿನಲ್ಲಿ. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ಎತ್ತಿಕೊಳ್ಳಿ. ಅದು ಪಿಕೊಲೀಟರ್! ಮನೆಬಳಕೆಯ ಒಳ್ಳೆಯ ಫೋಟೊ ಪ್ರಿಂಟರುಗಳ ಅತಿ ಚಿಕ್ಕ ಹನಿ ಸುಮಾರು 2 ಪಿಕೊಲೀಟರ್. ಕೆಲವದರಲ್ಲಿ 1.5. ಹನಿಯ ಅಗಲ ತಲೆಗೂದಲಿನ ದಪ್ಪದ ನಾಲ್ಕೈದನೇ ಒಂದು ಭಾಗ.

ಇಷ್ಟು ಸೂಕ್ಷ್ಮ ಕೆಲಸದ ಯಂತ್ರ ನಿಮ್ಮ ಮೇಜಿನ ಮೇಲೆ ಕೂತಿದೆ. ಆದರೂ ಏನಾಗುತ್ತದೆ? ಅಜ್ಜಿಯ ಮುಖ ಹಸಿರಾಗಿ ಬರುತ್ತದೆ! ಗಿಳಿಹಸಿರು ಸೀರೆ ಪಾಚಿಯಂತಾಗುತ್ತದೆ! ಮೊಬೈಲಿನಲ್ಲಿ ಝಗಮಗಿಸುತ್ತಿದ್ದ ಮೈಸೂರು ಅರಮನೆ ಕಾಗದಕ್ಕೆ ಬರುವಷ್ಟರಲ್ಲಿ ಮಂಕು!

ಹಾಗಾದರೆ ಬಣ್ಣ ಹೋಗಿದ್ದೆಲ್ಲಿಗೆ?

ಇದರ ಬೆನ್ನು ಹತ್ತಿದರೆ ಸಿಗುವ ಸಂಗತಿಗಳು ಒಂದಕ್ಕಿಂತ ಒಂದು ಬೆರಗಿನವು. ಇನ್ನೂ ಸಂತೋಷದ ಸುದ್ದಿ ಕೇಳಿ: ಬಹುಪಾಲು ತೊಂದರೆಗಳ ಪರಿಹಾರಕ್ಕೆ ಒಂದು ಪೈಸೆಯೂ ಬೇಡ!

ಮೊದಲು ಆ ಹನಿ ಹಾರುವ ಬಗೆ ನೋಡಿಬಿಡಿ.

1977. ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯ. ಇಚಿರೊ ಎಂಡೊ ಮತ್ತು ಸಂಗಡಿಗರು ಕೆಲಸದಲ್ಲಿದ್ದರು. ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಕಾದ ಸಾಲ್ಡರಿಂಗ್ ಐರನ್ ಅಕಸ್ಮಾತ್ ತಾಗಿತು. ಚಿಮ್ಮಿತು ಶಾಯಿ! ಬೇರೆಯವರಾಗಿದ್ದರೆ ಬಟ್ಟೆ ತಂದು ಒರೆಸುತ್ತಿದ್ದರು. ಇವರು ಯೋಚಿಸಿದರು. ಬಿಸಿ ತಾಗಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಶಾಯಿಯನ್ನು ಹೊರಗೆ ತಳ್ಳುತ್ತದೆ. ಇಂಕ್‌ಜೆಟ್ ಪ್ರಿಂಟರಿನ ಒಂದು ದೊಡ್ಡ ವಂಶವೇ ಇಲ್ಲಿಂದ ಹುಟ್ಟಿತು. ಅದೇ ಕಾಲದಲ್ಲಿ ಅಮೆರಿಕದ ಎಚ್‌ಪಿ ಕೂಡ ಸ್ವತಂತ್ರವಾಗಿ ಇದೇ ದಾರಿ ಕಂಡುಕೊಂಡಿತು.

ಆ ಗುಳ್ಳೆ ಏಳುವ ಜಾಗದ ಬಿಸಿ ಎಷ್ಟು, ಊಹಿಸಿ. 100 ಡಿಗ್ರಿ? ಅದು ನೀರು ಕುದಿಯುವ ಬಿಸಿ. ಇದು ಸುಮಾರು 300 ಡಿಗ್ರಿ! ಅದೂ ಸೆಕೆಂಡಿನ ಲಕ್ಷದ ಒಂದೆರಡು ಪಾಲಿನಷ್ಟು ಹೊತ್ತಿನಲ್ಲಿ. ಕುದಿ, ಗುಳ್ಳೆ, ಹನಿ, ತಂಪು. ಮತ್ತೆ ಕುದಿ. ಒಂದೊಂದು ರಂಧ್ರದಲ್ಲೂ ಸೆಕೆಂಡಿಗೆ ಸಾವಿರಾರು ಸಲ!

ಎಪ್ಸನ್ ಪ್ರಿಂಟರ್ ಇರುವವರು ಬೇಸರಪಡಬೇಡಿ. ನಿಮ್ಮದರಲ್ಲಿ ಬೆಂಕಿಯಿಲ್ಲ, ಬಿಸಿಯಿಲ್ಲ. ಅಲ್ಲಿ ವಿದ್ಯುತ್ ತಾಗಿದ ಕೂಡಲೇ ಮೈ ಬಾಗಿಸುವ ಪುಟ್ಟ ಹರಳು ಶಾಯಿಯನ್ನು ಒತ್ತಿ ಹೊರಗೆ ದೂಡುತ್ತದೆ. ಹರಳು ಮತ್ತು ವಿದ್ಯುತ್ತಿನ ಈ ನಂಟನ್ನು 1880ರಲ್ಲಿ ಮೊದಲು ಕಂಡವರು ಫ್ರಾನ್ಸಿನ ಇಬ್ಬರು ಅಣ್ಣತಮ್ಮಂದಿರು: ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ. ಹೌದು, ರೇಡಿಯಂ ಖ್ಯಾತಿಯ ಪಿಯರ್ ಕ್ಯೂರಿಯೇ!

ಈಗ ಇನ್ನೊಂದು ಒಗಟು. ನಿಮ್ಮ ಡಿಜಿಟಲ್ ಫೋಟೊದ ಒಂದೊಂದು ಚುಕ್ಕಿಯೂ 1,67,77,216 ಬಣ್ಣಗಳಲ್ಲಿ ಯಾವುದು ಬೇಕಾದರೂ ಆಗಬಹುದು. ಮಾಮೂಲಿ ಪ್ರಿಂಟರಿನಲ್ಲಿ ಇರುವ ಶಾಯಿ ಎಷ್ಟು ಬಗೆ?

ನಾಲ್ಕು! ಸಯಾನ್, ಮಜೆಂಟಾ, ಹಳದಿ, ಕಪ್ಪು. ಅಷ್ಟೇ!

ಒಂದು ಕೋಟಿ ಅರವತ್ತೇಳು ಲಕ್ಷ ಎಲ್ಲಿ, ನಾಲ್ಕು ಎಲ್ಲಿ? ಪ್ರಿಂಟರಿಗೆ ತಿಳಿಗುಲಾಬಿ ಗೊತ್ತೇ ಇಲ್ಲ. ಬೂದು ಗೊತ್ತಿಲ್ಲ. ಗೋಧಿ ಮೈಬಣ್ಣವಂತೂ ಕನಸಿನಲ್ಲೂ ಗೊತ್ತಿಲ್ಲ. ಅದಕ್ಕೆ ತಿಳಿದಿರುವುದು ಹನಿ ಹಾಕುವುದು, ಬಿಡುವುದು. ಬಿಳಿ ರಂಗೋಲಿ ಪುಡಿಗೆ ಚಿಟಿಕೆ ಕುಂಕುಮ ಬೆರೆಸಿದರೆ ದೂರಕ್ಕೆ ಗುಲಾಬಿಯಾಗಿ ಕಾಣುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಬೆರೆಯುವುದು ಶಾಯಿಗಿಂತ ಹೆಚ್ಚಾಗಿ ನಿಮ್ಮ ಕಣ್ಣಿನೊಳಗೆ!

5760 ಗುಣಿಸು 1440 ಎಂದು ಪ್ರಿಂಟರಿನ ಡಬ್ಬದ ಮೇಲೆ ಬರೆದಿರುವುದನ್ನು ನೋಡಿರುತ್ತೀರಿ. ಗುಣಿಸಿ ನೋಡಿದ್ದೀರಾ? ಒಂದು ಚದರ ಇಂಚಿನಲ್ಲಿ ಹನಿ ಬೀಳಬಹುದಾದ ಜಾಗಗಳು 82,94,400. ಮಾಮೂಲಿ 4 ಗುಣಿಸು 6 ಇಂಚಿನ ಫೋಟೊದಲ್ಲಿ? ಹತ್ತೊಂಬತ್ತು ಕೋಟಿ ತೊಂಬತ್ತು ಲಕ್ಷ! ಪ್ರತಿ ಜಾಗಕ್ಕೂ ಒಂದೇ ಪ್ರಶ್ನೆ: ಇಲ್ಲಿ ಹಾಕಲೇ, ಬಿಡಲೇ? ಹಾಕಿದರೆ ಯಾವ ಶಾಯಿ? ನೀವು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಆ ಕೋಟ್ಯಂತರ ತೀರ್ಮಾನಗಳು ಮುಗಿದಿರುತ್ತವೆ!

ಹನಿಗಳನ್ನು ಸಾಲಾಗಿ ಇಟ್ಟರೆ ಗೆರೆ ಕಾಣುತ್ತದೆ. ಮನಸ್ಸಿಗೆ ಬಂದಂತೆ ಎರಚಿದರೆ ಕಲೆ ಕಾಣುತ್ತದೆ. ಎರಡೂ ಬೇಡ. ಹತ್ತಿರದ ಎರಡು ಹನಿ ಅಂಟಿಕೊಳ್ಳಬಾರದು, ಸಾಲೂ ಕಟ್ಟಬಾರದು. ಇಂಥ ಚೆಲ್ಲಾಟದ ಗಣಿತವನ್ನು ಎಂಜಿನಿಯರುಗಳು 1970, 80ರ ದಶಕಗಳಲ್ಲಿ ಕಟ್ಟಿದರು. ಅದೇ ಸುಮಾರಿಗೆ, 1983ರಲ್ಲಿ, ಜಾನ್ ಯೆಲಟ್ ಎಂಬ ವಿಜ್ಞಾನಿ ರೀಸಸ್ ಕೋತಿಯ ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಗುರುತಿಸುವ ಕೋಶಗಳು ಹೇಗೆ ಹರಡಿವೆ ಎಂದು ನೋಡಿದ. ಏನು ಕಂಡಿತು ಗೊತ್ತೇ? ಹೆಚ್ಚುಕಡಿಮೆ ಅದೇ ವಿನ್ಯಾಸ! ಅಂಟದೆ, ಸಾಲು ಕಟ್ಟದೆ ಚೆಲ್ಲಿದ ಚುಕ್ಕಿಗಳು! ಓದಿದಾಗ ನನಗೆ ಮೈ ಜುಮ್ಮೆಂದಿತು.

ಕೆಲವು ಫೋಟೊ ಪ್ರಿಂಟರುಗಳಲ್ಲಿ ಆರು ಶಾಯಿ ಇರುತ್ತವೆ. ಪಾಸ್‌ಪೋರ್ಟ್ ಫೋಟೊ ತೆಗೆಯುವ ಅಂಗಡಿಗೆ ಹೋದಾಗ ಪಕ್ಕದ ಟ್ಯಾಂಕುಗಳನ್ನು ಎಣಿಸಿ. ಆ ಹೆಚ್ಚಿನ ಎರಡು ಯಾವುವು? ತಿಳಿ ಸಯಾನ್, ತಿಳಿ ಮಜೆಂಟಾ. ಕೆನ್ನೆಯ ಮೇಲೆ, ತಿಳಿ ಆಕಾಶದಲ್ಲಿ ಗಾಢ ಚುಕ್ಕಿ ಬಿದ್ದರೆ ಮರಳು ಮರಳಾಗಿ ಕಾಣುತ್ತದೆ. ಅಲ್ಲಿ ತಿಳಿ ಶಾಯಿ ಬಿದ್ದರೆ ನುಣುಪು! ಮುಖಗಳನ್ನೇ ಹೆಚ್ಚಾಗಿ ಪ್ರಿಂಟ್ ಮಾಡುವವರು ಪ್ರಿಂಟರ್ ಕೊಳ್ಳುವಾಗ ಈ ಎರಡು ಟ್ಯಾಂಕ್ ಇವೆಯೇ ನೋಡಿ. ಬೇರೆ ಯಾವ ಜಾಹೀರಾತಿನ ಮಾತಿಗಿಂತ ಇದು ಮುಖ್ಯ.

ಸರಿ, ಯಂತ್ರ ಅದ್ಭುತ. ಹಾಗಾದರೆ ಬಣ್ಣ ಕೆಡಿಸಿದ್ದು ಯಾರು?

ಮೊದಲ ಆರೋಪಿ ಎದುರಿಗೇ ಇದ್ದಾನೆ. ನಿಮ್ಮ ಪರದೆ!

ಪ್ರಿಂಟ್ ಕಪ್ಪಾಗಿ ಬಂತು. ಮನೆಯಲ್ಲಿ ಫೋಟೊ ಮುದ್ರಿಸುವವರ ಬಾಯಲ್ಲಿ ಇದಕ್ಕಿಂತ ಹೆಚ್ಚು ಕೇಳಿಬರುವ ದೂರು ಇಲ್ಲ. ಪರದೆ ತಾನೇ ಬೆಳಗುವ ದೀಪ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯಲ್ಲಿ ಇರುವಷ್ಟನ್ನು ವಾಪಸು ಕೊಡುತ್ತದೆ. ಪ್ರಿಂಟಿಗೆ ಹೊಂದುವಂತೆ ಪರದೆ ಇಟ್ಟುಕೊಳ್ಳುವವರು ಅದರ ಹೊಳಪನ್ನು 80ರಿಂದ 120 ನಿಟ್ಸ್ ನಡುವೆ ಇಡುತ್ತಾರೆ. ಈಚಿನ ಲ್ಯಾಪ್‌ಟಾಪುಗಳು ಪೂರ್ತಿ ಏರಿಸಿದರೆ 300, 400. ದುಬಾರಿ ಮೊಬೈಲುಗಳು? ಬಿಸಿಲಿನಲ್ಲಿ 1000 ದಾಟುತ್ತವೆ! ಆ ಉರಿಬೆಳಕಿನಲ್ಲಿ ಫೋಟೊ ತಿದ್ದಿದರೆ ಕಣ್ಣು ಕುಕ್ಕುತ್ತದೆ, ನೀವು ಫೋಟೊವನ್ನೇ ಇಳಿಸುತ್ತೀರಿ. ಪ್ರಿಂಟರ್ ನೀವು ಇಳಿಸಿದ್ದನ್ನು ಚಾಚೂ ತಪ್ಪದೆ ಮುದ್ರಿಸುತ್ತದೆ!

ಬಿಟ್ಟಿ ಪರಿಹಾರ ಇಲ್ಲಿದೆ. ಪ್ರಿಂಟನ್ನು ಯಾವ ಬೆಳಕಿನಲ್ಲಿ ನೋಡುತ್ತೀರೋ ಆ ಬೆಳಕಿನಲ್ಲಿ ಕೂರಿ. ಪರದೆ ತುಂಬ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲೇ ಒಂದು ಖಾಲಿ ಫೋಟೊ ಪೇಪರ್ ಹಿಡಿಯಿರಿ. ಈಗ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ. ಇನ್ನೂ ಇಳಿಸಿ. ಎರಡು ಬಿಳಿಗಳೂ ಸರಿಸಮ ಕಂಡಲ್ಲಿ ನಿಲ್ಲಿಸಿ. ಅಯ್ಯೋ, ಪರದೆ ಇಷ್ಟು ಮಂಕಾಯಿತಲ್ಲ ಅನ್ನಿಸುತ್ತದೆ! ಐದು ನಿಮಿಷ ತಾಳಿ, ಕಣ್ಣು ಹೊಂದಿಕೊಳ್ಳುತ್ತದೆ. ಆ ಫೋಟೊವನ್ನು ಮತ್ತೆ ತೆರೆದು ನೋಡಿ. ಕಪ್ಪಾಗಿ ಬಂದ ಪ್ರಿಂಟಿನಂತೆಯೇ ಪರದೆಯೂ ಕಾಣುತ್ತದೆ! ಈಗ ತಿದ್ದಿ, ಈಗ ಮುದ್ರಿಸಿ.

ಅರಮನೆಯ ದೀಪಗಳ ಕಥೆ ಬೇರೆ. ದಸರಾ ರಾತ್ರಿಯ ಆ ಬೆಳಕನ್ನು ಕಾಗದ ತೋರಿಸಲಾರದು, ಏಕೆಂದರೆ ಕಾಗದದಲ್ಲಿ ಅತ್ಯಂತ ಬೆಳ್ಳಗಿರುವುದು ಖಾಲಿ ಕಾಗದವೇ! ಒಳ್ಳೆಯ ಗ್ಲಾಸಿ ಪೇಪರಿನಲ್ಲಿ ಬಿಳಿ ಕಪ್ಪಿಗಿಂತ ಸುಮಾರು 200 ಪಟ್ಟು ಬೆಳಗು. ಪರದೆಯಲ್ಲಿ? 1000 ಪಟ್ಟು ಸಾಮಾನ್ಯ. ಮ್ಯಾಟ್ ಪೇಪರಿನಲ್ಲಿ? 40, 50 ಪಟ್ಟು ಅಷ್ಟೇ! ದೀಪಾಲಂಕಾರ, ಪಟಾಕಿ, ರಾತ್ರಿಯ ಬೀದಿ ಇವನ್ನೆಲ್ಲ ಗ್ಲಾಸಿ ಮೇಲೆಯೇ ತೆಗೆಯಿರಿ. ಮ್ಯಾಟ್‌ಗೆ ಮಲೆನಾಡಿನ ಮಂಜು ಕೊಡಿ, ಹಳೆಯ ತೊಟ್ಟಿಮನೆಯ ಗೋಡೆ ಕೊಡಿ. ಅಲ್ಲಿ ಅದರ ಸೊಗಸೇ ಬೇರೆ.

ಪರದೆ ಗೆದ್ದಿತು ಅಂದುಕೊಂಡಿರಾ? ತಡೆಯಿರಿ! ಶಾಯಿಗೆ ಬರುವ ಒಂದು ಬಣ್ಣ ಮಾಮೂಲಿ ಪರದೆಗೆ ಬರುವುದಿಲ್ಲ. ಯಾವುದು ಹೇಳಿ ನೋಡೋಣ.

ಸಯಾನ್! ಟ್ಯಾಂಕಿನಲ್ಲಿರುವ ಆ ತಿಳಿನೀಲಿ ಶಾಯಿಯನ್ನು ಒಳ್ಳೆಯ ಕಾಗದದ ಮೇಲೆ ಹಾಕಿದರೆ ಬರುವ ಗಾಢ ಸಯಾನ್, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ರೂಪಿಸಿದ ಎಸ್‌ಆರ್‌ಜಿಬಿ ಎಂಬ ಬಣ್ಣದ ಬೇಲಿಯಾಚೆ ಇದೆ. ಮಾಮೂಲಿ ಪರದೆಗಳು ಬೆಳಗುವುದು ಆ ಬೇಲಿಯೊಳಗೇ. ಸಮುದ್ರದ ಹಸಿರುನೀಲಿ ಕೆಲವೊಮ್ಮೆ ಪರದೆಗಿಂತ ಪ್ರಿಂಟಿನಲ್ಲೇ ಹೆಚ್ಚು ಜೀವಂತವಾಗಿರುತ್ತದೆ! ಪ್ರಿಂಟಿಗೆ ಕಷ್ಟವಾಗುವುದು ಕಡುನೀಲಿ, ಮಿಂಚುವ ಹಸಿರು. ದಸರಾ ಗೊಂಬೆಯ ನೀಲಿ ರೇಷ್ಮೆ ನೇರಳೆಯ ಕಡೆಗೆ ಜಾರಿದರೆ ಪ್ರಿಂಟರನ್ನು ಬಯ್ಯಬೇಡಿ. ಅದರ ಬಳಿ ನೀಲಿ ಶಾಯಿಯೇ ಇಲ್ಲ, ಸಯಾನ್ ಮತ್ತು ಮಜೆಂಟಾ ಸೇರಿಸಿ ನೀಲಿ ಮಾಡಬೇಕು ಪಾಪ!

ಈಗ ಬರುತ್ತಿದೆ ಇಡೀ ಕಥೆಯ ಅತಿ ದೊಡ್ಡ ಅಚ್ಚರಿ.

ಪರದೆಯ ಕೆಂಪು ಯಾವುದು, ಶಾಯಿಯ ಕೆಂಪು ಯಾವುದು, ಎರಡೂ ಒಂದೇ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಕಂಪ್ಯೂಟರಿಗೆ ಕಣ್ಣಿಲ್ಲ. ಹಾಗಾಗಿ ಮನುಷ್ಯರ ಕಣ್ಣನ್ನೇ ಅಂಕಿಗಳಲ್ಲಿ ಬರೆದಿಟ್ಟಿದ್ದಾರೆ. ಇಂದಿಗೂ ಜಗತ್ತಿನ ಟಿವಿ, ಮೊಬೈಲ್, ಪ್ರಿಂಟರು ಎಲ್ಲಕ್ಕೂ ಆಧಾರ ಅದೇ ಲೆಕ್ಕ. ಆ ಲೆಕ್ಕಕ್ಕೆ ಕಣ್ಣು ಕೊಟ್ಟವರು ಎಷ್ಟು ಜನ?

ಲಕ್ಷ? ಹತ್ತು ಸಾವಿರ? ಈ ಸಲ ಕೆಳಗಿಳಿಯಿರಿ! ಸಾವಿರ? ಇಳಿಯಿರಿ. ನೂರು? ಇನ್ನೂ ಇಳಿಯಿರಿ!

ಹದಿನೇಳು ಜನ!

ಹದಿನೇಳೇ ಹದಿನೇಳು! 1920ರ ದಶಕದ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಎಂಬ ಸಂಶೋಧಕ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹತ್ತು ಮಂದಿಯನ್ನು ಕೂರಿಸಿದ. ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಜಾನ್ ಗಿಲ್ಡ್ ಏಳು ಮಂದಿಯನ್ನು ಕೂರಿಸಿದ. ಕಣ್ಣಿಗೆ ಕಾಣುವ ಪುಟ್ಟ ವಲಯದ ಒಂದು ಅರ್ಧದಲ್ಲಿ ಕಾಮನಬಿಲ್ಲಿನ ಒಂದು ಶುದ್ಧ ಬಣ್ಣ. ಇನ್ನೊಂದು ಅರ್ಧದಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಎರಡೂ ಒಂದೇ ಅನ್ನಿಸುವ ತನಕ ಬೆಳಕು ಏರಿಸು, ಇಳಿಸು. ಬರೆದುಕೋ. ಮುಂದಿನ ಬಣ್ಣ. ಮತ್ತೆ ಏರಿಸು, ಇಳಿಸು.

ಆ ವಲಯ ಎಷ್ಟು ದೊಡ್ಡದು? ಕೈ ಚಾಚಿ ಹೆಬ್ಬೆರಳು ನೋಡಿಕೊಳ್ಳಿ. ಉಗುರಿನಷ್ಟು!

ಉಪಕರಣ ಬೇರೆ, ಬಳಸಿದ ಬೆಳಕು ಬೇರೆ, ಜನ ಬೇರೆ. ಎರಡೂ ಕಡೆಯ ಅಂಕಿಗಳನ್ನು ಒಂದೇ ಅಳತೆಗೆ ತಂದು ಅಕ್ಕಪಕ್ಕ ಇಟ್ಟರು. ಬೆರಗೋ ಬೆರಗು! ಒಂದಕ್ಕೊಂದು ಹೊಂದಿಕೊಂಡವು! 1931ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗ ಕೇಂಬ್ರಿಜ್‌ನಲ್ಲಿ ಸೇರಿ ಆ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ನಿಮ್ಮ ಮನೆಯ ಚೆಂಡುಹೂವಿನ ಹಾರ ಪರದೆಯಿಂದ ಕಾಗದಕ್ಕೆ ಇಳಿಯುವಾಗ ಆ ಹದಿನೇಳು ಜೋಡಿ ಕಣ್ಣುಗಳನ್ನು ದಾಟಿಕೊಂಡೇ ಬರುತ್ತದೆ!

ದಾಟಿಸುವ ಕಡತಕ್ಕೆ ಐಸಿಸಿ ಪ್ರೊಫೈಲ್ ಎನ್ನುತ್ತಾರೆ. 1993ರಲ್ಲಿ ಅಡೋಬಿ, ಆ್ಯಪಲ್, ಕೊಡ್ಯಾಕ್, ಮೈಕ್ರೊಸಾಫ್ಟ್ ಸೇರಿ ಎಂಟು ಕಂಪನಿಗಳು ಒಟ್ಟುಗೂಡಿ ಇದರ ಅಡಿಪಾಯ ಹಾಕಿದವು. ಕಾಗದದ ಕಂಪನಿಯವರು ನೂರಾರು ಬಣ್ಣದ ಚೌಕಗಳನ್ನು ಆ ಪ್ರಿಂಟರಿನಲ್ಲಿ, ಆ ಶಾಯಿಯಲ್ಲಿ, ಆ ಕಾಗದದ ಮೇಲೆ ಮುದ್ರಿಸುತ್ತಾರೆ. ಪ್ರತಿ ಚೌಕವನ್ನೂ ಯಂತ್ರದಿಂದ ಅಳೆಯುತ್ತಾರೆ. ಇಷ್ಟು ಮಜೆಂಟಾ ಕೇಳಿದರೆ ಈ ಕಾಗದ ನಿಜಕ್ಕೂ ಎಷ್ಟು ಕೊಡುತ್ತದೆ ಎಂಬ ಪಟ್ಟಿ ಸಿದ್ಧ. ಎಷ್ಟು ದುಡ್ಡು ಇದಕ್ಕೆ? ಹೆಸರುವಾಸಿ ಫೋಟೊ ಪೇಪರ್ ಕಂಪನಿಗಳ ಜಾಲತಾಣದಲ್ಲಿ ಉಚಿತ! ನಿಮ್ಮ ಪ್ರಿಂಟರಿನ ಮಾದರಿ, ಕಾಗದದ ಹೆಸರು ಹುಡುಕಿ ಇಳಿಸಿಕೊಳ್ಳಿ.

ಪ್ರೊಫೈಲ್ ಗೀಫೈಲ್ ಎಲ್ಲ ಬೇಡ ಅನ್ನುವವರೂ ಒಂದು ಕೆಲಸವನ್ನಂತೂ ಬಿಡುವಂತಿಲ್ಲ. ಪ್ರಿಂಟ್ ಒತ್ತುವ ಮೊದಲು ಪೇಪರ್ ಟೈಪ್ ಎಂಬ ಪುಟ್ಟ ಪಟ್ಟಿ ತೆರೆಯಿರಿ. ಅಲ್ಲಿ ಪ್ಲೇನ್ ಪೇಪರ್ ಎಂದು ಇದ್ದುಬಿಟ್ಟರೆ, ತಟ್ಟೆಯಲ್ಲಿ ಎಷ್ಟೇ ದುಬಾರಿ ಗ್ಲಾಸಿ ಪೇಪರ್ ಇರಲಿ, ಪ್ರಿಂಟರ್ ಅದನ್ನು ಜೆರಾಕ್ಸ್ ಕಾಗದವೆಂದೇ ನಂಬಿ ಶಾಯಿಯ ಲೆಕ್ಕ ಹಾಕುತ್ತದೆ. ಹನಿಯ ಪ್ರಮಾಣ ಬೇರೆ, ಮಿಶ್ರಣ ಬೇರೆ! ಕೆಲವು ಯಂತ್ರಗಳಲ್ಲಿ ಬಳಸುವ ಕಪ್ಪು ಶಾಯಿಯೇ ಬೇರೆ! ಫೋಟೊ ಪೇಪರ್ ಗ್ಲಾಸಿ ಎಂದು ಬದಲಾಯಿಸಿ, ಕ್ವಾಲಿಟಿ ಹೈ ಎಂದು ಒತ್ತಿ, ಅದೇ ಫೋಟೊ ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಡಿ. ಒಂದೇ ಪ್ರಿಂಟರಿನದೇ ಎಂದು ಮನೆಯವರು ಕೇಳದಿದ್ದರೆ ಹೇಳಿ!

ಫೋಟೊಶಾಪಿನಂಥ ತಂತ್ರಾಂಶದಲ್ಲಿ ಪ್ರೊಫೈಲ್ ಆರಿಸಿದವರಿಗೆ ಒಂದು ಎಚ್ಚರಿಕೆ. ಬಣ್ಣದ ಹೊಣೆ ಒಬ್ಬರಿಗೇ ಇರಲಿ. ಫೋಟೊಶಾಪ್ ಮ್ಯಾನೇಜಸ್ ಕಲರ್ಸ್ ಎಂದಿಟ್ಟರೆ ಪ್ರಿಂಟರ್ ಡ್ರೈವರಿನ ಬಣ್ಣದ ತಿದ್ದುಪಡಿಯನ್ನು ಆಫ್ ಮಾಡಿ. ಇಬ್ಬರೂ ತಿದ್ದಿದರೆ? ಒಮ್ಮೆ ಸರಿಹೋದದ್ದು ಇನ್ನೊಮ್ಮೆ ತಿರುಚಿಕೊಂಡು ಮದುಮಗಳ ಮುಖ ಮಜೆಂಟಾ ಆಗುತ್ತದೆ!

ಐಫೋನಿನವರೇ, ನಿಮಗೊಂದು ವಿಶೇಷ. 2016ರ ಐಫೋನ್ 7ರಿಂದ ಈಚೆಗೆ ನಿಮ್ಮ ಕ್ಯಾಮೆರಾ ಮಾಮೂಲಿ ಬೇಲಿಗಿಂತ ಹಿರಿದಾದ ಡಿಸ್‌ಪ್ಲೇ ಪಿ3 ಬಣ್ಣಗಳಲ್ಲಿ ಚಿತ್ರ ತೆಗೆಯುತ್ತಿದೆ. ಚಿತ್ರದ ಜೊತೆ ಆ ಬಣ್ಣಗಳ ಗುರುತುಚೀಟಿ ಉಳಿದರೆ ಸಂಪತ್ತು. ಬೇರೆ ಬೇರೆ ಆ್ಯಪ್‌ಗಳಲ್ಲಿ ಓಡಾಡಿ ಚೀಟಿ ಕಳೆದುಕೊಂಡರೆ ಕುಂಕುಮ ಸಪ್ಪೆ! ಪ್ರಿಂಟಿಗೆ ಯಾವಾಗಲೂ ಮೂಲ ಫೈಲನ್ನೇ ಕೊಡಿ. ಯಾರಾದರೂ ಕಳಿಸುವುದಾದರೆ ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಈಗ ಅಜ್ಜಿಯ ಹಸಿರು ಮುಖಕ್ಕೆ ಬರೋಣ. ಪತ್ತೆದಾರಿಕೆ ನಿಮ್ಮದು!

ಮೂರು ಬಣ್ಣದ ಶಾಯಿಗಳಲ್ಲಿ ಒಂದರ ರಂಧ್ರ ಕಟ್ಟಿಕೊಂಡಿದೆ. ಮುಖ ಹಸಿರಾಗಬೇಕಾದರೆ ಕಟ್ಟಿದ್ದು ಯಾವುದು?

ಮಜೆಂಟಾ! ಅದು ನಿಂತರೆ ಉಳಿಯುವುದು ಸಯಾನ್ ಮತ್ತು ಹಳದಿ, ಎರಡೂ ಸೇರಿದರೆ ಹಸಿರು. ಇನ್ನೊಂದು: ಫೋಟೊ ಪೂರ್ತಿ ಕೆಂಪೇರಿದೆ. ಯಾರು ಕಾಣೆ? ಸಯಾನ್! ಎಲ್ಲವೂ ನೀಲಿ? ಹಳದಿ ಕಾಣೆ! ನೋಡಿದಿರಾ, ಒಂದು ನೋಟಕ್ಕೇ ಟ್ಯಾಂಕ್ ಗುರುತಿಸುವಷ್ಟು ನಿಪುಣರಾದಿರಿ. ಪ್ರಿಂಟರಿನ ಮೆನುವಿನಲ್ಲಿ ನಾಜಲ್ ಚೆಕ್ ಒತ್ತಿ. ಬರುವ ಗೆರೆಗಳಲ್ಲಿ ಎಲ್ಲಿ ತುಂಡಾಗಿದೆಯೋ ಅದೇ ಶಾಯಿ. ಒಂದೆರಡು ಸಲ ಹೆಡ್ ಕ್ಲೀನಿಂಗ್ ಕೊಡಿ. ಹತ್ತಾರು ಸಲ ಕೊಡಬೇಡಿ, ಪ್ರತಿ ಸಲವೂ ಶಾಯಿ ಒಳಗಿನ ಪ್ಯಾಡಿಗೆ ಸುರಿದುಹೋಗುತ್ತದೆ. ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿದ್ದರೆ ಕಟ್ಟಿಕೊಳ್ಳುವ ಗೋಳೇ ಕಡಿಮೆ.

ಬಣ್ಣ ಸರಿಯಿದೆಯೇ ಎಂದು ಪರೀಕ್ಷಿಸಲು ಯಾವ ಚಿತ್ರ ಮುದ್ರಿಸಬೇಕು? ಹೂವಿನ ತೋಟ? ಹೋಳಿ ಹಬ್ಬ? ಎರಡೂ ಅಲ್ಲ! ಬಣ್ಣವೇ ಇಲ್ಲದ ಚಿತ್ರ! ಹಳೆಯ ಕಪ್ಪುಬಿಳುಪು ಫೋಟೊ ಒಂದನ್ನು ಬಣ್ಣದ ಶಾಯಿಯಲ್ಲೇ ತೆಗೆಯಿರಿ. ಹೂವು ಸ್ವಲ್ಪ ಹೆಚ್ಚು ಕೆಂಪಾದರೆ ಯಾರಿಗೂ ತಿಳಿಯುವುದಿಲ್ಲ. ಬೂದು ಬಣ್ಣ ಕೂದಲೆಳೆಯಷ್ಟು ಹಸಿರಿಗೆ ಜಾರಿದರೂ ಕಣ್ಣು ಹಿಡಿದುಬಿಡುತ್ತದೆ! ಎಲ್ಲ ಶಾಯಿಗಳೂ ಸರಿಯಾದ ತೂಕದಲ್ಲಿ ಬಿದ್ದರೆ ಮಾತ್ರ ಬೂದು ಬೂದಾಗಿ ಉಳಿಯುತ್ತದೆ. ಇಷ್ಟು ಸರಳ, ಇಷ್ಟು ನಿಷ್ಠುರ ಪರೀಕ್ಷೆ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ.

ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ನೋಡಿದ್ದೀರಲ್ಲ? ಅದರ ಕೆಳಗೆ ಒಂದು ಅಸಲಿ ನೋಟು, ಪಕ್ಕದಲ್ಲಿ ಒಂದು ಖಾಲಿ ಫೋಟೊ ಪೇಪರ್ ಇಡಿ. ನೋಟಿನಲ್ಲಿ ಬೆಳಗುವುದು ಅಂಕಿಗಳು, ಎಳೆಗಳು ಮಾತ್ರ, ಉಳಿದ ಕಾಗದ ಕತ್ತಲು. ಫೋಟೊ ಪೇಪರ್? ಅನೇಕ ಬಗೆಯವು ನೀಲಿಯಾಗಿ ಭಗ್ಗೆಂದು ಹೊಳೆಯುತ್ತವೆ! ಕಾಗದ ಬೆಳ್ಳಗೆ ಕಾಣಲೆಂದು ಸೇರಿಸಿದ ರಾಸಾಯನಿಕ ಅದು. ಕಣ್ಣಿಗೆ ಕಾಣದ ಅತಿನೇರಳೆಯನ್ನು ನುಂಗಿ ನೀಲಿ ಬೆಳಕು ಉಗುಳುತ್ತದೆ.

ಈಗ ಗೊತ್ತಾಯಿತೇ, ಅದೇ ಪ್ರಿಂಟ್ ಕಿಟಕಿಯ ಬಳಿ ತಂಪಾಗಿ, ಕೋಣೆಯ ದೀಪದಡಿ ಹಳದಿಯಾಗಿ ಕಾಣುವುದು ಯಾಕೆಂದು? ಹಗಲಿನಲ್ಲಿ ಅತಿನೇರಳೆ ಇದೆ, ಮನೆಯ ಸಾಮಾನ್ಯ ಎಲ್‌ಇಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಬೆಚ್ಚನೆಯ ಬಲ್ಬಿನ ಬೆಳಕಿನ ಬಣ್ಣ 3000 ಕೆಲ್ವಿನ್ ಆಸುಪಾಸು, ಬಿಳಿ ಟ್ಯೂಬ್‌ಲೈಟ್ 6500. ಮುದ್ರಣ ಲೋಕ ಬಣ್ಣ ನೋಡಲು ಒಪ್ಪಿಕೊಂಡಿರುವುದು 5000! ನಿಮ್ಮ ಮನೆಯಲ್ಲೂ ಬಣ್ಣ ನೋಡಲು ಒಳ್ಳೆಯ ಬೆಳಕು ಬಿಟ್ಟಿಯಾಗಿ ಸಿಗುತ್ತದೆ: ಬೆಳಗ್ಗೆ ಹತ್ತರ ಮೇಲೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ. ತೀರ್ಪು ಅಲ್ಲಿ ಕೊಡಿ. ಆಮೇಲೆ ಫೋಟೊ ತೂಗುವ ಗೋಡೆಯ ಬಳಿಯೂ ಒಮ್ಮೆ ಹಿಡಿದು ನೋಡಿ, ಏಕೆಂದರೆ ಅದು ಬಾಳಬೇಕಾದದ್ದು ಅಲ್ಲಿ.

ಪಕ್ಕದ ಬಣ್ಣವೂ ಆಟ ಆಡಿಸುತ್ತದೆ! ಪ್ಯಾರಿಸ್ಸಿನ ಗೊಬೆಲಿನ್ಸ್ ನೇಯ್ಗೆಶಾಲೆಯಲ್ಲಿ ಮಿಶೆಲ್ ಷೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ 1824ರಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಕಪ್ಪು ನೂಲು ಸಪ್ಪೆ ಎಂಬ ದೂರು ಬಂತು. ಪರೀಕ್ಷಿಸಿದ. ನೂಲಿನ ಬಣ್ಣದಲ್ಲಿ ದೋಷವೇ ಇಲ್ಲ! ಪಕ್ಕದ ನೀಲಿ ಎಳೆಗಳು ಕಪ್ಪನ್ನು ಹಾಗೆ ಕಾಣಿಸುತ್ತಿದ್ದವು! 1839ರಲ್ಲಿ ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಆತ ಬದುಕಿದ್ದು 102 ವರ್ಷ, ಅದೂ ಒಂದು ಅಚ್ಚರಿ! ಹಸಿರು ಬಳಿದ ಗೋಡೆಗೆ ಒರಗಿಸಿ ನೋಡಿದರೆ ಮೈಬಣ್ಣ ಕೆಂಪೇರಿದಂತೆ ಕಾಣುವುದು ಇದರಿಂದಲೇ. ಪ್ರಿಂಟಿನ ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು ನೋಡಿ.

ಪ್ರಿಂಟರಿನಿಂದ ಹೊರಬಂದ ಕೂಡಲೇ ತೀರ್ಪು ಕೊಟ್ಟುಬಿಟ್ಟಿರಾ? ನಿಲ್ಲಿ! ಶಾಯಿ ಇನ್ನೂ ಒಣಗುತ್ತಿದೆ. ಮುಟ್ಟಿದರೆ ಒಣಗಿದಂತೆ ಅನ್ನಿಸುವುದು ಕಾಗದದ ಮೇಲ್ಪದರದ ಜಾದೂ. ಅಲ್ಲಿ ಸಿಲಿಕಾ ಅಥವಾ ಅಲ್ಯುಮಿನಾದ ಅತಿಸೂಕ್ಷ್ಮ ಕಣಗಳಿವೆ, ಕಣಗಳ ನಡುವೆ ರಂಧ್ರಗಳಿವೆ, ಹನಿ ಬಿದ್ದ ಕ್ಷಣಕ್ಕೇ ಒಳಗೆ ಇಳಿಯುತ್ತದೆ. ಅದರ ಕೆಳಗೆ ಪ್ಲಾಸ್ಟಿಕ್ ಪದರ, ಆಮೇಲೆ ಕಾಗದ, ಕಾಗದದ ಹಿಂದೆ ಮತ್ತೊಂದು ಪ್ಲಾಸ್ಟಿಕ್ ಪದರ! ತಪ್ಪಿ ಹಿಂಬದಿಗೆ ಮುದ್ರಿಸಿದರೆ ಶಾಯಿ ಇಳಿಯಲು ಜಾಗವಿಲ್ಲದೆ ಕೊಚ್ಚೆಯಾಗುವುದು ಅದಕ್ಕೇ. ಒಳಗೆ ಇಳಿದ ಶಾಯಿ ಪೂರ್ತಿ ಆರಲು ಒಂದು ದಿನ ಕೊಡಿ. ಮೈಬಣ್ಣ ನೆಲೆ ನಿಲ್ಲುವುದು ಆಮೇಲೆ.

ಆ ರಂಧ್ರಗಳು ಶಾಯಿಗೆ ದಾರಿ ಕೊಟ್ಟಂತೆ ಗಾಳಿಗೂ ಕೊಡುತ್ತವೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಕೆಲವರ ಹೊಚ್ಚಹೊಸ ಪ್ರಿಂಟುಗಳು ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿಬಿಟ್ಟವು. ಬಿಸಿಲು ಕಾರಣವೇ? ಊಹೂಂ. ಗಾಳಿಯಲ್ಲಿರುವ ಓಜೋನ್! ಅದು ಸಯಾನ್ ಶಾಯಿಯನ್ನು ತಿಂದುಹಾಕಿತ್ತು. ಸಯಾನ್ ಹೋದರೆ ಏನು ಉಳಿಯುತ್ತದೆಂದು ಈಗ ನಿಮಗೇ ಗೊತ್ತು! ಅಂದಿನಿಂದ ಶಾಯಿಗಳು ಬಹಳ ಸುಧಾರಿಸಿವೆ. ಕಣಗಳ ಶಾಯಿ ಬಳಸುವ ಪಿಗ್ಮೆಂಟ್ ಪ್ರಿಂಟರುಗಳಂತೂ ಇನ್ನೂ ಗಟ್ಟಿ. ನಿಮ್ಮದು ಮಾಮೂಲಿ ಡೈ ಶಾಯಿಯಾದರೆ ಫೋಟೊವನ್ನು ತೆರೆದಿಡದೆ ಗಾಜಿನ ಹಿಂದೆ ಹಾಕಿಸಿ. ಗಾಜು ಪ್ರಿಂಟಿಗೆ ತಾಗಿದರೆ ಅಂಟಿಕೊಳ್ಳುತ್ತದೆ, ನಡುವೆ ಮೌಂಟ್ ಬೋರ್ಡ್ ಇಡಲು ಫ್ರೇಮ್ ಅಂಗಡಿಯವರಿಗೆ ಹೇಳಿ. ಮದುವೆಯ ಫೋಟೊ ಇವತ್ತು ರಾತ್ರಿ ತೆಗೆದಿಡಿ, ನಾಳೆ ರಾತ್ರಿಯ ಹೊತ್ತಿಗೆ ಫ್ರೇಮಿಗೆ ತಯಾರು!